ಬಿಟ್ಟ ತಂತಿಯ ಜವಾರಿ

ಕ್ಯಾಸಲ್‌ರಾಕ್‌ನಲ್ಲಿ ಬೇಸ್ ಗಿಟಾರಿನ ದನಿ ಪರೀಕ್ಷಿಸಲು ಕೂತವನು ಮೊದಲು ಗೂಡ್ಸ್ ಗಾಡಿ ಹೊರಡುವ ತನಕ ಕಾಯಬೇಕಿತ್ತು. ಬ್ರಗಾಂಝಾ ಘಾಟಿಯ ಏರು 37ಕ್ಕೆ 1. ಗೋವೆಯ ಕುಳೆಯಿಂದ ಹತ್ತಿಬರುವ ಗಾಡಿಗಳಿಗೆ ಹೆಗಲು ಕೊಡುವ ಬ್ಯಾಂಕರ್ ಎಂಜಿನ್‌ಗಳು ಸ್ಟೇಶನ್ನಿನಲ್ಲಿ ಗುರುಗುಡುತ್ತ ನಿಂತವೆಂದರೆ ರೇಲ್ವೆ ಕ್ವಾರ್ಟರ್ಸ್‌ನ ಕಿಟಕಿ ಗಾಜು ಸಣ್ಣಗೆ ನಡುಗುತ್ತಿತ್ತು. ಬೇಸಿನ ಅತಿ ದಪ್ಪದ ಇ ತಂತಿ ಸೆಕೆಂಡಿಗೆ 41 ಸಲ ಕಂಪಿಸುವಂಥದ್ದು. ಅದನ್ನು ಮೀಟಿದರೂ ಅದೇ ಗಾಜು ನಡುಗುತ್ತಿತ್ತು. ಝರ್ರೆಂದದ್ದು ಗಾಜೋ, ಗಿಟಾರಿನ ಸಡಿಲ ಸ್ಕ್ರೂವೋ, ತಂತಿಯೋ ಎಂದು ಬೇರ್ಪಡಿಸಿಕೊಳ್ಳುವುದರಲ್ಲೇ ನನ್ನ ಮೊದಲ ಸಂಜೆ ಕಳೆಯಿತು. ಹಾಳಾಯಿತೆಂದು ಹೇಳಲಾರೆ. ಈ ರಿಪೇರಿಯ ಮುಕ್ಕಾಲು ಪಾಲು ಕಿವಿಯ ಕೆಲಸ, ಮತ್ತು ನಮ್ಮ ಅಂಗಡಿಗಳಲ್ಲಿ ಕಾಣೆಯಾಗಿರುವುದೂ ಅದೇ.

ವಾದ್ಯ 1970ರ ದಶಕದ್ದು, ಜಪಾನಿನಲ್ಲಿ ತಯಾರಾದ ಫೆಂಡರ್ ಕಂಪನಿಯ ಬೇಸಿನ ನಕಲು. ಹಡಗಿನಲ್ಲಿ ಕೆಲಸಕ್ಕಿದ್ದ ನೆಂಟನೊಬ್ಬ ತಂದುಕೊಟ್ಟದ್ದಂತೆ. 1961ರ ತನಕ ಈ ಊರಿನ ಆಚೆಗೆ ಪೋರ್ಚುಗೀಸರ ಗೋವೆ. ಗಡಿಯ ಕಸ್ಟಮ್ಸ್ ಹೋಯಿತು, ಮದುವೆಗೆ ಬ್ಯಾಂಡು ಬಾರಿಸುವ ರೂಢಿ ಮಾತ್ರ ಕೆಲವು ಮನೆಗಳಲ್ಲಿ ಉಳಿಯಿತು. ಗಿಟಾರಿನ ಯಜಮಾನರು ನಿವೃತ್ತ ರೇಲ್ವೆ ನೌಕರರು. “ಮಳೆಗಾಲದ ರೋಗ ಮಾರಾಯಾ, ದೀಪಾವಳಿಗೆ ತಾನೇ ಹೋಗ್ತದೆ” ಎಂದು ತಂತಿಯ ಝರ್ರೆನ್ನುವ ಸದ್ದಿನ ಬಗ್ಗೆ ಅವರು ಹೇಳಿಕೊಂಡು ಬಂದು ಮೂರು ದೀಪಾವಳಿ ಆಗಿತ್ತು.

ನನ್ನ ಕೈಗೆ ಬರುವ ಮೊದಲು ವಾದ್ಯ ಪೇಟೆಯ ಅಂಗಡಿಯೊಂದಕ್ಕೆ ಹೋಗಿಬಂದಿತ್ತು. ಅಲ್ಲಿಯವರು ಮಾಡಿದ್ದು ಎರಡೇ ಕೆಲಸ: ಕತ್ತಿನ ಬಾಗು ಹೊಂದಿಸಲು ಅದರೊಳಗಿರುವ ಟ್ರಸ್ ರಾಡ್ ತಿರುಗಿಸಿದರು, ಬ್ರಿಜ್ ಎತ್ತರಿಸಿದರು. ಎಲ್ಲ ಕಡೆ ನಡೆಯುವುದೇ ಇದು, ನನ್ನ ತಕರಾರೂ ಇದರ ಮೇಲೆಯೇ. ಲೆಕ್ಕ ನೋಡಿ. ಕತ್ತಿನ ತುದಿಯಲ್ಲಿ ತಂತಿಗಳು ಹಾಯುವ ಪಟ್ಟಿಗೆ ನಟ್ ಎನ್ನುತ್ತಾರೆ. ನಟ್‌ನಿಂದ ಬ್ರಿಜ್‌ಗೆ ತಂತಿಯ ಉದ್ದ 864 ಮಿಲಿಮೀಟರ್. ಮೊದಲ ಫ್ರೆಟ್ ನಟ್‌ನಿಂದ ಸುಮಾರು 48 ಮಿಲಿಮೀಟರ್ ದೂರ. ಬ್ರಿಜ್ಜನ್ನು ಒಂದಿಡೀ ಮಿಲಿಮೀಟರ್ ಎತ್ತಿದರೆ ಮೊದಲ ಫ್ರೆಟ್ಟಿನ ಮೇಲೆ ತಂತಿ ಏಳುವುದು 0.056 ಮಿಲಿಮೀಟರ್, ಬರೆಯುವ ಹಾಳೆಯ ದಪ್ಪದ ಸುಮಾರು ಅರ್ಧ. ಅದೇ ಹೊತ್ತಿಗೆ ಹನ್ನೆರಡನೆಯ ಫ್ರೆಟ್ಟಿನಲ್ಲಿ ಅರ್ಧ ಮಿಲಿಮೀಟರ್ ಏರಿ ಬೆರಳಿನ ಚರ್ಮ ಸುಲಿಯುತ್ತದೆ. ಕಾಯಿಲೆ ಒಂದು ತುದಿಯಲ್ಲಿ, ಮುಲಾಮು ಇನ್ನೊಂದು ತುದಿಯಲ್ಲಿ. ಸದ್ದು ತುಸು ತಗ್ಗಿತ್ತು ನಿಜ. ನುಡಿಸಲು ಮಾತ್ರ ಆಗುತ್ತಿರಲಿಲ್ಲ.

ಕೇಳಬೇಕಾದ ಪ್ರಶ್ನೆ ಬಹಳ ಸಣ್ಣದು. ಬೆರಳು ಒತ್ತದೆ ಬಿಟ್ಟ ತಂತಿ ಝರ್ರೆನ್ನುತ್ತದೆ. ಮೊದಲ ಫ್ರೆಟ್ಟಿನಲ್ಲಿ ಒತ್ತಿದರೆ ಸುಮ್ಮನಾಗುತ್ತದೆಯೆ? ಸುಮ್ಮನಾದರೆ ತಪ್ಪು ನಟ್‌ನಲ್ಲಿ, ಇಲ್ಲವೆ ನಟ್ ಮತ್ತು ಬಿರಡೆಯ ನಡುವಿನ ಗೇಣಿನಲ್ಲಿ. ಕತ್ತು ಹಿಂದಕ್ಕೆ ಬಾಗಿದ್ದರೆ ಮೊದಲ ನಾಲ್ಕೈದು ಫ್ರೆಟ್‌ಗಳಲ್ಲಿ ಒತ್ತಿದಾಗಲೂ ಸದ್ದು ಬಿಡುವುದಿಲ್ಲ, ಇಲ್ಲಿ ಅದಿರಲಿಲ್ಲ. ಟ್ರಸ್ ರಾಡಿಗೆ ಕೈ ಹಾಕುವ ಕಾರಣವೇ ಇರಲಿಲ್ಲ. ಈ ನಮೂನೆಯ ಹಳೆಯ ಬೇಸ್‌ಗಳಲ್ಲಿ ಅದರ ತಿರುಪು ಕತ್ತಿನ ಬುಡದಲ್ಲಿ ಅಡಗಿರುತ್ತದೆ. ಕತ್ತು ಬಿಚ್ಚಿಯೇ ತಿರುಗಿಸಬೇಕು. ಅಂದರೆ ನಲವತ್ತು ವರ್ಷ ಕಚ್ಚಿಕೊಂಡು ಕೂತಿದ್ದ ನಾಲ್ಕು ಸ್ಕ್ರೂಗಳನ್ನು ಸುಮ್ಮನೆ ಸಡಿಲಿಸಿದಂತಾಯಿತು.

ಎರಡನೆಯ ಮೂರನೆಯ ಫ್ರೆಟ್ ನಡುವೆ ಇ ತಂತಿಯನ್ನು ಒತ್ತಿ ಮೊದಲ ಫ್ರೆಟ್ಟಿನ ಮೇಲೆ ಬೆಳಕು ಬಿಟ್ಟು ನೋಡಿದೆ. ಕೂದಲೆಳೆಯಷ್ಟು ಸಂದು ಕಾಣಬೇಕು. ಕಾಣಲಿಲ್ಲ. ಸುತ್ತುತಂತಿಯ ಉಕ್ಕು ಪ್ಲಾಸ್ಟಿಕ್ ನಟ್ಟನ್ನು ಗರಗಸದಂತೆ ಕೊಯ್ಯುತ್ತ ಇಳಿದಿತ್ತು. ಎ ತಂತಿಯದು ಬೇರೆ ಕಥೆ. ಅಲ್ಲಿ ಸಂದು ಸರಿಯಾಗಿಯೇ ಇತ್ತು, ಸದ್ದೂ ಇತ್ತು. ನಟ್‌ನ ಹಿಂದೆ ಬೆರಳಿಟ್ಟು ತಂತಿಯನ್ನು ಕೆಳಕ್ಕೆ ಅದುಮಿದೆ, ಸದ್ದು ನಿಂತಿತು. ಫೆಂಡರ್ ಮಾದರಿಯ ತಲೆಯಲ್ಲಿ ಡಿ ಮತ್ತು ಜಿ ತಂತಿಗಳನ್ನು ಕೆಳಗೆ ಹಿಡಿಯಲು ಒಂದು ಗುಬಟು ಇರುತ್ತದೆ. ಎ ತಂತಿಗೆ ಆ ಭಾಗ್ಯವಿಲ್ಲ. ಬಿರಡೆಗೆ ಮೂರು ಸುತ್ತು ಮೇಲಿನಿಂದ ಕೆಳಕ್ಕೆ ಸುತ್ತಿದರಷ್ಟೇ ಅದು ನಟ್ಟಿನ ಮೇಲೆ ಗಟ್ಟಿಯಾಗಿ ಕೂರುತ್ತದೆ. ಯಾರೋ ತಂತಿಯನ್ನು ಗಿಡ್ಡ ಕತ್ತರಿಸಿ ಒಂದೇ ಸುತ್ತಿಗೆ ಮುಗಿಸಿದ್ದರು. ಹೊಸ ತಂತಿ, ಮೂರು ಸುತ್ತು: ಎ ತಂತಿಯ ರಿಪೇರಿ ಇಷ್ಟೇ.

ಇಲ್ಲಿ ತಂಬೂರಿಯನ್ನು ನೆನೆಯದೆ ಇರಲಾರೆ. ಅದಕ್ಕೂ ನಾಲ್ಕು ತಂತಿ, ನಾಲ್ಕೂ ಬಿಟ್ಟ ತಂತಿಗಳೇ. ಗಿಟಾರಿನವರು ಓಡಿಸಲು ಹೆಣಗುವ ಝೇಂಕಾರವನ್ನು ತಂಬೂರಿಯವರು ಅರ ಹಿಡಿದು ಗಂಟೆಗಟ್ಟಲೆ ಉಜ್ಜಿ ಬರಮಾಡಿಕೊಳ್ಳುತ್ತಾರೆ. ಕುದುರೆಯ, ಅಂದರೆ ತಂಬೂರಿಯ ಬ್ರಿಜ್ಜಿನ, ಮೈಯನ್ನು ಕಂಡೂ ಕಾಣದಷ್ಟು ಬಾಗಿಸಿ, ತಂತಿಯಡಿ ದಾರದೆಳೆ ಸರಿಸಿ, ತಂತಿ ಕಂಪಿಸುವಾಗ ಆ ಬಾಗನ್ನು ಸವರಿ ಸವರಿ ಏಳುವಂತೆ ಮಾಡುತ್ತಾರೆ. ಹಿಂದೂಸ್ತಾನಿಯವರು ಇದಕ್ಕೆ ಜವಾರಿ ಎನ್ನುತ್ತಾರೆ. (ಧಾರವಾಡದ ಸಂತೆಯಲ್ಲಿ ಜವಾರಿ ಎಂದರೆ ಹೈಬ್ರಿಡ್ ಅಲ್ಲದ ನಮ್ಮ ನಾಡ ಬದನೆ; ಎರಡೂ ಅರ್ಥ ನನಗೆ ಇಷ್ಟ.) ಸಿ.ವಿ. ರಾಮನ್ 1921ರಲ್ಲಿ ವೀಣೆ ತಂಬೂರಿಗಳ ಕುದುರೆಯ ಬಗ್ಗೆ ಬರೆಯುತ್ತ ತೋರಿಸಿದ್ದೂ ಇದನ್ನೇ: ಮೀಟಿದ ಜಾಗದಿಂದಾಗಿ ಹುಟ್ಟಲೇಬಾರದ ಉಪಸ್ವರಗಳು ಈ ಬಾಗಿನ ದೆಸೆಯಿಂದ ಹುಟ್ಟುತ್ತವೆ. ಎ ತಂತಿ ಜಾಳಾಗಿ ಕೂತ ನಟ್ಟು ಯಾರೂ ಬೇಡದೆ ಹುಟ್ಟಿದ ಜವಾರಿ. ತಂಬೂರಿ ಮಾಡುವವನು ಸದ್ದು ಎಲ್ಲಿ ಹುಟ್ಟುತ್ತದೆಂದು ಬಲ್ಲ, ಅಲ್ಲಿಗೇ ಅರ ಇಡುತ್ತಾನೆ. ಗಿಟಾರ್ ಅಂಗಡಿಯವನು ಕೈಗೆ ಸಿಕ್ಕ ತಿರುಪನ್ನು ತಿರುಗಿಸುತ್ತಾನೆ.

ಇನ್ನು ನನ್ನದೇ ಕೆಲಸದ ವಿಮರ್ಶೆ. ನಟ್ಟಿನಲ್ಲಿ ಇ ತಂತಿ ಕೂರುವ ಕಚ್ಚಿಗೆ ಮೂಳೆಪುಡಿ ತುಂಬಿ, ಫೆವಿಕ್ವಿಕ್ ಹನಿಸಿ, ಒಣಗಿದ ಮೇಲೆ ಮತ್ತೆ ಕೊರೆದೆ. ಕಚ್ಚಿನ ತಳ ಬಿರಡೆಯ ಕಡೆಗೆ ಇಳಿಜಾರಾಗಿರಬೇಕು, ತಂತಿ ನಟ್‌ನ ಮುಂಭಾಗದ ಅಂಚಿನಲ್ಲಿ ಮಾತ್ರ ಕೂರಬೇಕು. ಇದರಲ್ಲಿ ತಪ್ಪಿದರೆ ಮತ್ತೆ ಜವಾರಿಯೇ. ಬ್ರಿಜ್ ಕೆಳಗಿಳಿಸಿದೆ. ದನಿ ಶುದ್ಧವಾಯಿತು, ಯಜಮಾನರು ಹಿಗ್ಗಿದರು, ನಾನೂ ಬೀಗಿದೆ. ಎರಡನೆಯ ಮಳೆಗಾಲದ ಹೊತ್ತಿಗೆ ತುಂಬಿದ್ದು ಪುಡಿಪುಡಿಯಾಗಿ ಉದುರಿತು. ಅಗ್ಗದ ಈ ಉಪಾಯವನ್ನು ಹೊಗಳುವವರು ಈ ಮಾತು ಹೇಳುವುದಿಲ್ಲ. ಗಿಟಾರಿನ ತೆಳು ತಂತಿಗೆ ನಡೆದೀತು. ಎರಡೂವರೆ ಮಿಲಿಮೀಟರ್ ಮೀರಿದ ಬೇಸ್ ತಂತಿಯ ಉಜ್ಜಾಟಕ್ಕೆ ಅದು ತೇಪೆ ಅಷ್ಟೇ.

ಹಾಗೆ ತೇಪೆ ಹಾಕಲು ನನಗಿದ್ದ ನೆಪ, ಹಳೆಯ ವಾದ್ಯದ ಮೂಲ ಭಾಗವನ್ನು ಬದಲಿಸಬಾರದು ಎಂಬ ಮಡಿ. ಈಗ ಆ ಮಡಿ ನನಗಿಲ್ಲ. ನಟ್ಟು ಚಪ್ಪಲಿಯ ಅಟ್ಟೆಯಂತೆ. ಸವೆಯುವುದೇ ಅದರ ಕೆಲಸ. ಸವೆದದ್ದನ್ನು ತೆಗೆದು ಪೊಟ್ಟಣ ಕಟ್ಟಿ ಪೆಟ್ಟಿಗೆಯಲ್ಲಿಡಿ, ಹೊಸದು ಹಾಕಿ.

ಹೊಸದು ಮೂಳೆಯದು. ಲೋಂಡಾ ಬೆಳಗಾವಿ ಹಾಯ್ದು ಮೀರಜಿಗೆ ಹೋಗಿ, ತಂಬೂರಿ ಸಿತಾರ್ ಮಾಡುವ ಓಣಿಯಲ್ಲಿ ಕೊರೆಸಿದೆ. ಜನ ನಮ್ಮ ಹತ್ತಿರ ಜವಾರಿ ಹಚ್ಚಿಸಿಕೊಳ್ಳಲು ಬರುತ್ತಾರೆ, ನೀವು ತೆಗೆಸಲು ಬಂದಿರಲ್ಲ ಎಂದು ಅವರು ನಕ್ಕರು. ಆಮೇಲೆ ನಾನು ತೋರಿಸುವ ಮೊದಲೇ ಮೊದಲ ಫ್ರೆಟ್ಟನ್ನು ಒತ್ತಿ, ಬಿಟ್ಟು, ಮತ್ತೆ ಒತ್ತಿ ಕೇಳಿದರು. ಆ ನಟ್ಟು ಕೂತು ಐದು ಮಳೆಗಾಲವಾಯಿತು. ಟ್ರಸ್ ರಾಡನ್ನು ಯಾರೂ ಮುಟ್ಟಿಲ್ಲ.