ಫೋಟೋದ ಬೆನ್ನಿನ ಬರಹ

ನಾವು ಓದದೆಯೇ ಒಪ್ಪಿಕೊಳ್ಳುವ ಗದ್ಯಗಳಲ್ಲಿ ತಂತ್ರಾಂಶದ ಪರವಾನಗಿ ಒಪ್ಪಂದಕ್ಕೇ ಮೊದಲ ಸ್ಥಾನ. ಸಣ್ಣ ಅಕ್ಷರ, ಮುಗಿಯದ ವಾಕ್ಯ, ಕೊನೆಗೊಂದು ‘ಒಪ್ಪಿದ್ದೇನೆ’ ಗುಂಡಿ. ಅದನ್ನು ವಿಮರ್ಶೆಯ ಕಣ್ಣಿನಿಂದ ಓದಿದವರು ಕಡಿಮೆ. ಫೋಟೋ ಜೋಡಿಸಿಡುವ ಪ್ರೋಗ್ರಾಂ ಒಂದರ ಒಪ್ಪಂದವನ್ನು ಈಚೆಗೆ ನಾನು ಪೂರ್ತಿ ಓದಿದೆ. ಪುಟಗಟ್ಟಲೆ ಹರಡಿರುವ ಅದರ ತಿರುಳು ಒಂದೇ ಮಾತು: ನಿಮಗೆ ಏನನ್ನೂ ಮಾರಿಲ್ಲ, ಬಳಸಲು ಬಿಟ್ಟಿದ್ದೇವೆ ಅಷ್ಟೆ.

ಓದುವ ಪ್ರಸಂಗ ಬಂದದ್ದು ಹೀಗೆ. ಗುಬ್ಬಿ, ಕುಣಿಗಲ್ ಕಡೆಯ ನೆಂಟರ ಮನೆಗಳಿಂದ ಹಳೆಯ ಫೋಟೋಗಳನ್ನು ತಂದು ತುಮಕೂರಿನಲ್ಲಿ ಸ್ಕ್ಯಾನ್ ಮಾಡಿ, ಒಂದೊಂದಕ್ಕೂ ಯಾರು, ಯಾವೂರು, ಯಾವ ಸಂದರ್ಭ ಎಂದು ಕನ್ನಡದಲ್ಲಿ ಬರೆದಿಡುತ್ತಿದ್ದೆ. ಪ್ರೋಗ್ರಾಂ ದುಡ್ಡು ಕೊಟ್ಟು ತಂದದ್ದೇ. ಕುಣಿಗಲ್ಲಿನ ದೊಡ್ಡಮ್ಮನ ಮುಂದೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತರೆ ಒಂದೊಂದು ಫೋಟೋಗೆ ಅರ್ಧ ಗಂಟೆ ಹಿಡಿಯುತ್ತಿತ್ತು. “ಇವರು ನಮ್ಮ ಸೋದರತ್ತೆ ಕಣಪ್ಪ. ಪಕ್ಕದಲ್ಲಿರೋದು ಅವರ ಓರಗಿತ್ತಿ, ಇಬ್ಬರಿಗೂ ಮಾತಿರಲಿಲ್ಲ,” ಎನ್ನುವರು. ಮಾತಿರಲಿಲ್ಲ ಎಂಬುದನ್ನೂ ಬರೆದುಕೊಂಡಿದ್ದೆ.

ಆಮೇಲೆ ಆ ಲ್ಯಾಪ್‌ಟಾಪ್ ಕೆಟ್ಟಿತು. ಫೋಟೋಗಳೂ ಕ್ಯಾಟಲಾಗ್ ಕಡತವೂ ಬೇರೊಂದು ಡಿಸ್ಕಿನಲ್ಲಿ ಕ್ಷೇಮವಾಗಿದ್ದವು. ಹೊಸ ಕಂಪ್ಯೂಟರಿಗೆ ಪ್ರೋಗ್ರಾಂ ಹಾಕಿ ಕೀ ಸಂಖ್ಯೆ ಒತ್ತಿದರೆ, ಈ ಕೀ ಈಗಾಗಲೇ ಬಳಕೆಯಲ್ಲಿದೆ, ಹಳೆಯ ಯಂತ್ರದಲ್ಲಿ ಅದನ್ನು ಮೊದಲು ಬಿಡುಗಡೆ ಮಾಡಿ ಎಂಬ ಉತ್ತರ. ಸತ್ತವರ ಸಹಿ ತರಲು ಹೇಳಿದ ಹಾಗೆ! ಮಿಂಚಂಚೆ ಬರೆದೆ. ನಿಮ್ಮ ಆವೃತ್ತಿಗೆ ಬೆಂಬಲ ನಿಂತಿದೆ, ವರ್ಷದ ಚಂದಾ ಕಟ್ಟಿ ಹೊಸದಕ್ಕೆ ಬನ್ನಿ ಎಂದರು. ಚಿತ್ರಗಳಿಗೆ ಏನೂ ಆಗಿರಲಿಲ್ಲ. ಬೀಗ ಬಿದ್ದದ್ದು ಹೆಸರುಗಳಿಗೆ. ಆ ಹೆಸರುಗಳನ್ನು ಹೇಳಿದ ದೊಡ್ಡಮ್ಮ ಈಗಿಲ್ಲ.

ಬರೆದವರಿಗೆ ಕೂಲಿ ಸಿಗಬೇಡವೇ ಎಂದು ಕೇಳಬಹುದು. ಸಿಗಬೇಕು. ನನ್ನ ತಕರಾರು ಬೆಲೆಯ ಮೇಲಲ್ಲ, ಒಮ್ಮೆ ತೆತ್ತ ಮೇಲೂ ಅನುಮತಿ ಬೇರೆಯವರ ಸರ್ವರಿನಲ್ಲೇ ಉಳಿಯುವುದರ ಮೇಲೆ. ಅಡೋಬಿಯ ಸಿಎಸ್2 ಬಂದದ್ದು 2005ರಲ್ಲಿ. ಚಿತ್ರ ಜೋಡಿಸುವ ಬ್ರಿಡ್ಜ್ ಕೂಡ ಅದರೊಳಗಿತ್ತು. ಅದನ್ನು ಸಕ್ರಿಯಗೊಳಿಸುವ ಸರ್ವರನ್ನು ಮುಚ್ಚಿದಾಗ, ಕೊಂಡವರಿಗಾಗಿ 2013ರ ಜನವರಿಯ ಹೊತ್ತಿಗೆ ಆ ಬೀಗವೇ ಇಲ್ಲದ ಪ್ರತಿಯನ್ನು ಕಂಪನಿಯೇ ಕೊಡಬೇಕಾಯಿತು. ಪಿಕಾಸಾದ ಕಥೆ ಇದರ ತಿರುಗುಮುರುಗು. ಗೂಗಲ್ 2004ರಲ್ಲಿ ಕೊಂಡು, ಪುಕ್ಕಟೆ ಹಂಚಿ, 2016ರಲ್ಲಿ ಕೈಬಿಟ್ಟಿತು. ಆದರೂ ಕಂಪ್ಯೂಟರಿನಲ್ಲಿ ಮೊದಲೇ ಇದ್ದ ಪಿಕಾಸಾ ಮರುದಿನವೂ ತೆರೆಯಿತು, ಏಕೆಂದರೆ ಅದು ಯಾರ ಅಪ್ಪಣೆಯನ್ನೂ ಕೇಳುತ್ತಿರಲಿಲ್ಲ. (ಕದ್ದ ಪ್ರತಿ ಬಳಸುವವರಿಗೂ ಈ ಪೀಕಲಾಟವಿಲ್ಲ. ಬಾಗಿಲಲ್ಲಿ ನಿಲ್ಲುವವನು ದುಡ್ಡು ಕೊಟ್ಟವನೊಬ್ಬನೇ.)

ಹೀಗೆಯೇ ಆಗಬೇಕೆಂಬ ತಾಂತ್ರಿಕ ಕಟ್ಟುಪಾಡೂ ಇಲ್ಲ. ಚಂದಾ ನಿಂತ ಮೇಲೂ ಲೈಟ್‌ರೂಮ್ ಕ್ಲಾಸಿಕ್ ತನ್ನ ಕ್ಯಾಟಲಾಗನ್ನು ತೆರೆದು ತೋರಿಸುತ್ತದೆ. ಚಿತ್ರ ತಿದ್ದುವ ಭಾಗ ಮುಚ್ಚಿಕೊಳ್ಳುತ್ತದೆ, ಬರೆದದ್ದನ್ನು ಓದಲು ಅಡ್ಡಿಯಿಲ್ಲ. ಅಂದರೆ ಬಾಗಿಲನ್ನು ಎಷ್ಟು ಹಾಕಬೇಕು ಎಂಬುದು ಮಾಡುವವರ ಆಯ್ಕೆ.

ಕನ್ನಡಿಗರಿಗೆ ಇಂಥ ಪಾಡು ಹೊಸದೇನಲ್ಲ. ಯೂನಿಕೋಡ್‌ಗೆ ಮೊದಲಿನ ನುಡಿ, ಬರಹ ಫಾಂಟುಗಳಲ್ಲಿ ಟೈಪಿಸಿದ ಲೇಖನವನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದವರಿಗೆ ಗೊತ್ತು: ನಮ್ಮದೇ ಮಾತು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಎದುರು ನಿಲ್ಲುತ್ತಿತ್ತು. ಅಲ್ಲಿ ಪರಿವರ್ತಕಗಳು ಬಂದವು, ಬಚಾವಾದೆವು.

ಫೋಟೋದ ಮಟ್ಟಿಗೆ ನಮ್ಮ ಹಿರಿಯರ ಕ್ಯಾಟಲಾಗ್ ಇದ್ದದ್ದು ಅದರ ಬೆನ್ನಿನ ಮೇಲೆ. ಇಂಕಿನಲ್ಲೋ ಪೆನ್ಸಿಲ್ಲಿನಲ್ಲೋ ಎರಡು ಸಾಲು. ಅಕ್ಷರ ಮಾಸಬಹುದು, ಗೆದ್ದಲು ತಿನ್ನಬಹುದು, ಆದರೆ ಚಿತ್ರ ಹೋದಲ್ಲಿಗೆ ಹೆಸರೂ ಹೋಗುತ್ತಿತ್ತು. ಆ ಎರಡು ಸಾಲಿನ ಬೆಲೆ ಗುಬ್ಬಿಯವರಿಗೆ ಹೇಳಬೇಕಿಲ್ಲ. 1884ರಲ್ಲಿ ಹುಟ್ಟಿದ ನಾಟಕ ಕಂಪನಿಯ ಊರದು. ಹಳೆಯ ಚಿತ್ರ ಸಿಕ್ಕರೆ ವೀರಣ್ಣನವರನ್ನು ಯಾರಾದರೂ ಗುರುತಿಸುತ್ತಾರೆ. ಹಿಂದಿನ ಸಾಲಿನಲ್ಲಿ ನಿಂತವರು, ಪರದೆ ಎಳೆದವರು, ಅಡುಗೆ ಮಾಡಿ ಬಡಿಸಿದವರು? ಬೆನ್ನ ಮೇಲೆ ಬರಹವಿದ್ದರೆ ಅವರೂ ಚರಿತ್ರೆಯೊಳಗೆ, ಇಲ್ಲದಿದ್ದರೆ ಬರೀ ಗುಂಪು.

ಡಿಜಿಟಲ್ ಫೋಟೋಗೂ ಬೆನ್ನಿದೆ. ಕಡತದೊಳಗೇ ಶೀರ್ಷಿಕೆ, ಹೆಸರು, ಸ್ಥಳ ಬರೆಯಲು ಐಪಿಟಿಸಿ, ಎಕ್ಸ್‌ಎಂಪಿ ಎಂಬ ವ್ಯವಸ್ಥೆಗಳು ಬಂದು ಎಷ್ಟೋ ಕಾಲವಾಯಿತು. ಡಿಜಿಕ್ಯಾಮ್ ಎಂಬ ಮುಕ್ತ ತಂತ್ರಾಂಶ ಈ ಕೆಲಸವನ್ನು ಕೀ ಸಂಖ್ಯೆ ಕೇಳದೆ ಮಾಡುತ್ತದೆ. ನೋಡಲು ಅಷ್ಟೇನೂ ಚೆಂದವಿಲ್ಲ, ಕಲಿಯಲು ನಾಲ್ಕು ದಿನ ಬೇಕು. ದುಡ್ಡಿನ ಪ್ರೋಗ್ರಾಂಗಳಲ್ಲೂ ಹಲವಕ್ಕೆ ಇದು ಬರುತ್ತದೆ, ಎಷ್ಟೋ ಕಡೆ ಆ ಆಯ್ಕೆಯನ್ನು ನಾವೇ ಹುಡುಕಿ ಹಾಕಬೇಕು.

ಹಾಗಾಗಿ ಯಾವುದೇ ಪ್ರೋಗ್ರಾಂ ಕೊಳ್ಳುವ ಮುನ್ನ ನಾನು ಈಗ ಅದರ ಜಾಹೀರಾತು ನೋಡುವುದಿಲ್ಲ. ಉಚಿತ ಪ್ರಯೋಗದ ದಿನಗಳಲ್ಲಿ ಹತ್ತು ಫೋಟೋಗಳಿಗೆ ಕನ್ನಡದಲ್ಲಿ ಹೆಸರು ಬರೆದು, ಆ ಕಡತಗಳನ್ನು ಪೆನ್‌ಡ್ರೈವಿಗೆ ಹಾಕಿ, ಬೇರೊಬ್ಬರ ಕಂಪ್ಯೂಟರಿನಲ್ಲಿ ಬೇರೊಂದು ಪ್ರೋಗ್ರಾಂನಿಂದ ತೆರೆಯುತ್ತೇನೆ. ಹೆಸರು ಕಂಡರೆ ಬೆಲೆ ಕೇಳುತ್ತೇನೆ.