ಗೆಜ್ಜೆ ಕಟ್ಟಿದವಳ ತೂಕ
ನೃತ್ಯಗಾತಿಯರ ದೇಹ ಮತ್ತು ಆಹಾರದ ಬಗ್ಗೆ ಸಂಶೋಧನೆ ಬೇಕು, ನಿಜ. ಆದರೆ ಕೇಳುವ ರೀತಿಯ ಬಗ್ಗೆ ನಮಗೆ ತಕರಾರಿದೆ. ಕೆನಡಾದ ಗಾರ್ನರ್ ಮತ್ತು ಗಾರ್ಫಿಂಕೆಲ್ 1980ರಲ್ಲೇ ನೃತ್ಯ ವಿದ್ಯಾರ್ಥಿನಿಯರ ಅಧ್ಯಯನ ಪ್ರಕಟಿಸಿದ್ದರು. ಅವರ ತಂಡ 1982ರಲ್ಲಿ ರೂಪಿಸಿದ 26 ಪ್ರಶ್ನೆಗಳ ಪಟ್ಟಿ ಇಂದು ಲೋಕವೆಲ್ಲ ಸುತ್ತುತ್ತಿದೆ. ಹಸಿದಾಗಲೂ ಊಟ ಬಿಡುತ್ತೀಯಾ ಎಂಬ ಅರ್ಥದ ಪ್ರಶ್ನೆಯೂ ಅದರಲ್ಲುಂಟು.

ಇದನ್ನು ಹಾಗೆಯೇ ನಮ್ಮ ಜಿಲ್ಲೆಗೆ ತಂದರೆ? ಹಿರಿಯೂರಿನ ಹುಡುಗಿ ರೋಜಾ ಇಲ್ಲವೇ ಏಕಾದಶಿಯ ನೆನಪಿನಲ್ಲಿ ಹೌದೆಂದಾಳು. ಮಳೆ ಕೈಕೊಟ್ಟ ವರ್ಷ ಹೊಸದುರ್ಗದ ತಾಂಡಾದಲ್ಲಿ ಲಂಬಾಣಿ ಕುಣಿತದವಳು ಕೂಲಿಯಿಲ್ಲದ ದಿನ ನೆನೆದು ಹೌದೆಂದಾಳು. ಭಕ್ತಿ, ಬಡತನ ಎರಡೂ ಕಾಯಿಲೆಯ ಲೆಕ್ಕಕ್ಕೆ ಸೇರಿಬಿಡುತ್ತವೆ.

ಇನ್ನೊಂದು ಮಾತು ಒಪ್ಪಿಗೆಯದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಂತೆ, 7ರಿಂದ 18 ವರ್ಷದೊಳಗಿನವರ ವಿಷಯದಲ್ಲಿ ಪೋಷಕರ ಅನುಮತಿಯ ಜೊತೆಗೆ ಮಗುವಿನ ಸಮ್ಮತಿಯೂ ಬೇಕು. ಗುರು ತಲೆಯಾಡಿಸಿದರೆ ಸಾಲದು. ಚಿತ್ರದುರ್ಗದಲ್ಲಾಗಲಿ ಹೊಳಲ್ಕೆರೆಯಲ್ಲಾಗಲಿ, ರಂಗಪ್ರವೇಶದ ಕನಸಿರುವ ಹುಡುಗಿ ಗುರುವಿನೆದುರು 'ಒಲ್ಲೆ' ಎನ್ನುವುದುಂಟೇ?

ಗೆಳತಿಯರ ಮುಂದೆ ತೂಕ ಕೂಗಬಾರದು. ಉತ್ತರ ಗುರುವಿನ ಕೈಸೇರಬಾರದು. ರಕ್ತಹೀನತೆ ಕಂಡರೆ ವೈದ್ಯರ ದಾರಿ ತೋರಿಸಬೇಕು. ಇಷ್ಟೂ ಆಗದಿದ್ದರೆ ಆ ಹುಡುಗಿಗೆ ಉಳಿಯುವುದು 'ನಾನು ದಪ್ಪವೇ?' ಎಂಬ ಹೊಸ ಚಿಂತೆಯೊಂದೇ.