ಸೇವೆಗೂ ಕರಾರು ಬೇಕು

ದಾನಕ್ಕೆ ಬಂದ ಹಸುವಿನ ಹಲ್ಲು ಎಣಿಸಬಾರದು ಎಂಬ ಮಾತನ್ನು ನಮ್ಮ ಸೇವಾಸಂಸ್ಥೆಗಳು ಸ್ವಯಂಸೇವಕರ ವಿಷಯದಲ್ಲಿ ಚಾಚೂತಪ್ಪದೆ ಪಾಲಿಸುತ್ತವೆ. ಪುಕ್ಕಟೆ ದುಡಿಯಲು ಬಂದವರಿಗೆ ಷರತ್ತು ಹಾಕಿದರೆ ಮುನಿಸಿಕೊಂಡು ಹೋದಾರು ಎಂಬ ಅಂಜಿಕೆ. ಬಂದವರಿಗೂ ಸಂಕೋಚ: ಸೇವೆಗೆಂದು ಬಂದು ಇದು ಆಗದು, ಅದು ಬೇಕು ಎನ್ನುವುದು ಹೇಗೆ? ಈ ದಾಕ್ಷಿಣ್ಯವನ್ನು ನಾವೆಲ್ಲ ದೊಡ್ಡ ಗುಣವೆಂದೇ ನಂಬಿದ್ದೇವೆ. ದೃಷ್ಟಿ ಇಲ್ಲದ ವಿದ್ಯಾರ್ಥಿಗಳಿಗೆ ಪರೀಕ್ಷೆ ಬರೆದುಕೊಡುವ ಸ್ಕ್ರೈಬ್‌ಗಳ ಕೆಲಸವನ್ನು ಹತ್ತಿರದಿಂದ ನೋಡಿದರೆ ಆ ನಂಬಿಕೆ ಉಳಿಯುವುದಿಲ್ಲ. ದಾಕ್ಷಿಣ್ಯ ಇವರಿಬ್ಬರದು, ನಷ್ಟ ವಿದ್ಯಾರ್ಥಿಯದು.

ಬೆಂಗಳೂರಿನಲ್ಲಿ ಉತ್ಸಾಹಿಗಳಿಗೆ ಬರವಿಲ್ಲ. ಆದರೆ ನೌಕರಿಯಲ್ಲಿರುವವರಿಗೆ ಬಿಡುವಿರುವುದು ಶನಿವಾರ, ಭಾನುವಾರ. ಪರೀಕ್ಷೆಗಳು ಹೆಚ್ಚಾಗಿ ನಡೆಯುವುದು ಕೆಲಸದ ದಿನ. "ಮೂರು ಗಂಟೆ ಕೂತು ಬರೆದರಾಯ್ತು ಸರ್" ಎಂದು ಹಿಂದಿನ ರಾತ್ರಿ ಫೋನಿನಲ್ಲಿ ಒಪ್ಪಿಸಿದರೆ ಸಾಲದು. ಕೇಂದ್ರ ಸರ್ಕಾರದ ಮಾರ್ಗಸೂಚಿಯ ಪ್ರಕಾರ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯವಿದೆ. ಅಂದರೆ ಮೂರು ಗಂಟೆಯ ಪತ್ರಿಕೆಗೆ ನಾಲ್ಕು ಗಂಟೆ. ವಿದ್ಯಾರ್ಥಿಯೇ ಕರೆತರುವ ಸ್ಕ್ರೈಬ್‌ನ ಓದು ಪರೀಕ್ಷಾರ್ಥಿಯದಕ್ಕಿಂತ ಒಂದು ಹಂತ ಕೆಳಗಿರಬೇಕೆಂದೂ 2018ರ ಮಾರ್ಗಸೂಚಿ ಹೇಳಿತ್ತು. ಇಂಥ ಮಿತಿಯನ್ನು ಮೊದಲೇ ತಿಳಿಸದಿದ್ದರೆ, ರಜೆ ಹಾಕಿ ಬಂದ ಎಂಜಿನಿಯರನ್ನು ಪದವಿ ಪರೀಕ್ಷೆಯ ಕೊಠಡಿಯ ಬಾಗಿಲಲ್ಲೇ ತಡೆಯುತ್ತಾರೆ.

ಒಳಗೆ ಹೋದ ಮೇಲೂ ಒಳ್ಳೆಯ ಮನಸ್ಸೊಂದೇ ಸಾಲದು. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವರು ಒತ್ತಕ್ಷರಕ್ಕೆ ತಡವರಿಸುತ್ತ ಕನ್ನಡದ ಉತ್ತರ ಬರೆಯುವಾಗ, ಹೇಳುತ್ತಿರುವ ಹುಡುಗ ಪ್ರತಿ ವಾಕ್ಯಕ್ಕೂ ಕಾಯಬೇಕು. ಗಣಿತದಲ್ಲಿ "ಎ ಪ್ಲಸ್ ಬಿ ಸ್ಕ್ವೇರ್" ಎಂದು ಓದಿದರೆ ವರ್ಗ ಬಿಗೆ ಮಾತ್ರವೋ, ಇಡೀ ಆವರಣಕ್ಕೋ? ಬ್ರಾಕೆಟ್ ಎಲ್ಲಿ ಶುರು, ಎಲ್ಲಿ ಮುಗಿಯಿತು ಎಂದು ಬಾಯಿಬಿಟ್ಟು ಹೇಳುವುದು ಅಭ್ಯಾಸವಾಗಿರಬೇಕು. ಕನಿಕರದಿಂದ ಉತ್ತರ ತಿದ್ದುವವರು ಇನ್ನೂ ಅಪಾಯ. ಸಿಕ್ಕಿಬಿದ್ದರೆ ನಕಲಿನ ಆರೋಪ ಬರುವುದು ವಿದ್ಯಾರ್ಥಿಯ ಮೇಲೆ.

ಪರೀಕ್ಷಾ ಮಂಡಳಿಯೇ ಸ್ಕ್ರೈಬ್ ಕೊಟ್ಟರೆ, ವಿದ್ಯಾರ್ಥಿ ಎರಡು ದಿನ ಮೊದಲೇ ಅವರನ್ನು ಕಂಡು, ತನಗೆ ಸರಿಹೊಂದುತ್ತಾರೋ ಇಲ್ಲವೋ ನೋಡಲು ಅದೇ 2018ರ ಮಾರ್ಗಸೂಚಿ ಅವಕಾಶ ಕೊಟ್ಟಿತ್ತು. ಭಾಷಾ ಪತ್ರಿಕೆಗೆ ಬೇರೆಯವರನ್ನು ಇಟ್ಟುಕೊಳ್ಳಬಹುದಿತ್ತು. ಹಲ್ಲು ಎಣಿಸುವುದು ಪರೀಕ್ಷಾರ್ಥಿಯ ಹಕ್ಕು ಎಂದು ಸರ್ಕಾರವೇ ಒಪ್ಪಿರುವಾಗ ಸಂಸ್ಥೆಗಳಿಗೇಕೆ ಮುಜುಗರ?

ಸರ್ಟಿಫಿಕೇಟಿಗಾಗಿ ಬರುವವರದು ಸೇವೆಯೇ ಅಲ್ಲ ಎನ್ನುವ ಮಾತೂ ಇದೆ. ನಾನು ಒಪ್ಪುವುದಿಲ್ಲ. "ನನಗಲ್ಲ, ನಿನಗೆ" ಎಂಬ ಧ್ಯೇಯದ ಎನ್‌ಎಸ್‌ಎಸ್‌ ಕೂಡ ಎರಡು ವರ್ಷದಲ್ಲಿ 240 ಗಂಟೆಗಳ ಲೆಕ್ಕ ಕೇಳುತ್ತದೆ, ಪ್ರಮಾಣಪತ್ರ ಕೊಡುತ್ತದೆ. ತನಗೇನು ಬೇಕೆಂದು ಹೇಳಿಕೊಂಡು ಬಂದ ಹುಡುಗಿಯಿಂದ ನಮಗೇನು ಬೇಕೆಂದು ಕೇಳುವುದು ಸುಲಭ. ಏನೂ ಬೇಡ ಎಂದು ಬಂದವರು ಬೆಳಿಗ್ಗೆ ಎಂಟಕ್ಕೆ ಫೋನ್ ಎತ್ತದಿದ್ದರೆ ಯಾವ ಬಾಯಲ್ಲಿ ಕೇಳುವುದು?

ಆದ್ದರಿಂದ, ಹೆಸರು ಕೊಡುವ ಮುನ್ನ ಕೇಳಿ: ಯಾವ ವಿಷಯ, ಯಾವ ಮಾಧ್ಯಮ, ಎಷ್ಟು ಹೊತ್ತು, ನನ್ನ ಓದು ನಿಯಮಕ್ಕೆ ಹೊಂದುತ್ತದೆಯೇ, ನನಗೆ ಆಗದಿದ್ದರೆ ಬದಲಿಗೆ ಯಾರಿದ್ದಾರೆ. ಇದಕ್ಕೆ ಉತ್ತರವಿಲ್ಲದ ಸಂಸ್ಥೆಗೆ ಹೆಸರು ಕೊಡಬೇಡಿ.